ಅಕೇಶಿಯಾ, ಗೊಬ್ಬರದ ಗಿಡ, ಮತ್ತಿ: ಹಂಡೆ ಒಲೆಗೆ ಯಾವುದು?

ಗ್ಯಾಸ್ ಬಂದರೂ ಶಿರಸಿ ಕಡೆಯ ಅಡಿಕೆ ಮನೆಗಳಲ್ಲಿ ಕಟ್ಟಿಗೆ ಬಿಟ್ಟಿಲ್ಲ. ಬಚ್ಚಲ ಹಂಡೆಗೆ ಬೇಕು, ಅಡಿಕೆ ಬೇಯಿಸಲು ಬೇಕು. ಅಕೇಶಿಯಾ, ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಕಾಡಿನ ಮತ್ತಿ ಮರ, ಈ ಮೂರನ್ನೂ ನಾವು ಉರಿಸಿ ನೋಡಿದ್ದೇವೆ.

ಕಟ್ಟಿಗೆ ಸುಟ್ಟರೆ ಮರ ಹೀರಿದ್ದ ಇಂಗಾಲವೇ ವಾಪಸ್ ಹೋಗುತ್ತದೆ, ಲೆಕ್ಕ ಚುಕ್ತಾ ಎನ್ನುವವರಿದ್ದಾರೆ. ಅರ್ಧ ಸರಿ. ಒಂದು ಕಿಲೋ ಒಣ ಕಟ್ಟಿಗೆ ಉರಿದರೆ ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಆಗಲೇ ಗಾಳಿಗೆ ಸೇರುತ್ತದೆ. ಅದನ್ನು ಮತ್ತೆ ಹೀರಲು ಮರ ಬೆಳೆಯಬೇಕು, ಅದಕ್ಕೆ ವರ್ಷಗಳು ಬೇಕು. ಹಾಗಾಗಿ ಉರಿ ಹೇಗಿದೆ ಎನ್ನುವುದರ ಜೊತೆಗೆ, ಕಡಿದ ಮೇಲೆ ಗಿಡ ಏನಾಗುತ್ತದೆ ಅಂತಲೂ ನೋಡಿದೆ.

ಉರಿಯಲ್ಲಿ ಅಕೇಶಿಯಾವೇ ಮೊದಲು. ಗಟ್ಟಿ ಕೆಂಡ, ನಿಧಾನ ಉರಿ. ಅಡಿಕೆ ಹಂಡೆಗೆ ಎರಡು ಕುಂಟೆ (ದಪ್ಪ ತುಂಡು) ತಳ್ಳಿದರೆ ಬೇರೆ ಕೆಲಸಕ್ಕೆ ಹೋಗಬಹುದು. ಜಂಬಿಟ್ಟಿಗೆ ನೆಲದ ಬೇಣದಲ್ಲೂ (ಹುಲ್ಲು ಬೆಳೆಯುವ ಜಾಗದಲ್ಲೂ) ಸರಸರ ಏಳುತ್ತದೆ. ಆದರೆ ಬುಡಕ್ಕೆ ಕಡಿದರೆ ಚಿಗುರುವುದು ಕಷ್ಟ, ಮತ್ತೆ ಸಸಿಯಿಂದಲೇ ಶುರು. ಆಸ್ಟ್ರೇಲಿಯಾ ಕಡೆಯ ಈ ಮರದ ಎಲೆಯನ್ನು ದನ ಮುಟ್ಟುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಬೇಸಿಗೆಯಲ್ಲಿ ಆ ದರಕಿಗೆ (ಒಣಗಿ ಬಿದ್ದ ಎಲೆಗೆ) ಒಂದು ಬೀಡಿ ತುಂಡು ಬಿದ್ದರೂ ಸಾಕು. ಹತ್ತು ವರ್ಷ ಕೂಡಿಟ್ಟ ಇಂಗಾಲ ಒಂದು ಮಧ್ಯಾಹ್ನದಲ್ಲಿ ಖಾಲಿ, ಅಲ್ವಾ?

ಗೊಬ್ಬರದ ಗಿಡ ಪೂರ್ತಿ ಉಲ್ಟಾ. ಮಳೆ ಹಿಡಿದಾಗ ಗೂಟ ಕಡಿದು ಬೇಲಿಗೆ ನೆಟ್ಟರೆ ಆಯಿತು. ವರ್ಷ ವರ್ಷ ಸವರಬಹುದು, ಸವರಿದಷ್ಟೂ ಚಿಗುರುತ್ತದೆ. ಬೇರು ಸತ್ತಿರುವುದಿಲ್ಲವಾದ್ದರಿಂದ ಹೊಸ ಸಸಿಗಿಂತ ಬೇಗ ಮೇಲೇಳುತ್ತದೆ. ಸೊಪ್ಪು ಅಡಿಕೆ ಬುಡಕ್ಕೆ ಹೋಗುತ್ತದೆ. ಸಾರಜನಕ ಹಿಡಿಯುವ ಗಿಡವಾದ್ದರಿಂದ ಯೂರಿಯಾವೂ ಉಳಿಯುತ್ತದೆ. ತೊಂದರೆ ಒಂದೇ: ಕಟ್ಟಿಗೆ ಸಪೂರ. ಬಚ್ಚಲಿಗೆ ಪರವಾಗಿಲ್ಲ, ಅಡಿಕೆ ಬೇಯಿಸುವಾಗ ಒಲೆ ಬಿಟ್ಟು ಏಳುವಂತಿಲ್ಲ.

ಮತ್ತಿಯನ್ನು ನಾವು ನೆಟ್ಟಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದಲ್ಲಿ ತಾನೇ ಇತ್ತು, ದನ ಹೋಗದಂತೆ ಬೇಲಿ ಹಾಕಿದೆವು ಅಷ್ಟೇ. ಬೆಳವಣಿಗೆ ನಿಧಾನ, ಆದರೆ ನೂರು ವರ್ಷ ನಿಲ್ಲುವ ಮರ. ಇದರ ಕಟ್ಟಿಗೆ ಚೆನ್ನಾಗಿ ಉರಿಯುತ್ತದೆ ಅಂತ ಕಡಿಯುವುದು ಸುಮ್ನೆ ನಷ್ಟ. ನಾವು ತರುವುದು ಸೊಪ್ಪು ಮತ್ತು ಒಣಗಿ ಬಿದ್ದ ಟೊಂಗೆ ಮಾತ್ರ.

ಇಷ್ಟೆಲ್ಲ ಗಿಡದ ಮಾತಾಯಿತು. ನಿಜವಾಗಿ ಕಟ್ಟಿಗೆ ರಾಶಿ ಇಳಿಸಿದ್ದು ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಶುರುವಾದ ಅಸ್ತ್ರ ಕೇಂದ್ರದ ಅಸ್ತ್ರ ಒಲೆ ಗೊತ್ತಲ್ಲ, ಕೆಳಗೆ ಜಾಲರಿ, ಹಿಂದೆ ಹೊಗೆ ಕೊಳವೆ. ಅದೇ ರೀತಿ ಹಂಡೆ ಒಲೆಯನ್ನೂ ಕಟ್ಟಿಸಿದೆವು. ಒಂದು ಮಳೆಗಾಲ ಮಾಡಿನಡಿ ಒಣಗಿದ ಕಟ್ಟಿಗೆಯನ್ನೇ ಹಾಕುತ್ತೇವೆ. ಹಸಿ ಕಟ್ಟಿಗೆಯ ಶಾಖ ಅದರ ನೀರು ಆರಿಸುವುದಕ್ಕೇ ಹೋಗುತ್ತದೆ, ಮಸಿಯೂ ಜಾಸ್ತಿ. ಆ ಮಸಿಯೂ ಭೂಮಿಯನ್ನು ಬಿಸಿ ಮಾಡುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಓಟು ಬೇಲಿಯ ಗೊಬ್ಬರದ ಗಿಡಕ್ಕೆ. ಸ್ವಂತ ಬೇಣದಲ್ಲಿ ಅಕೇಶಿಯಾ ಈಗಾಗಲೇ ನಿಂತಿದ್ದರೆ ಅಡಿಕೆ ಕಾಲಕ್ಕೆ ಅದನ್ನೇ ಮೊದಲು ಮುಗಿಸಿ. ತೆರವಾದ ಜಾಗದಲ್ಲಿ ಅದರ ಬೀಜದ ಸಸಿ ಎದ್ದರೆ ಕಿತ್ತು, ಮತ್ತಿಗೆ ಜಾಗ ಬಿಡಿ.