ಸಿಂಗಪುರವೋ, ಕ್ವಾಲಾಲಂಪುರವೋ?

ದಾವಣಗೆರೆಯಲ್ಲಿರುವ ನನ್ನ ಅಕ್ಕನ ಮಗನಿಗೆ ಎರಡೂ ಕಡೆಯಿಂದ ಕೆಲಸದ ಕರೆ ಬಂದಿದೆ. ಸಂಬಳ ಸಿಂಗಪುರದಲ್ಲೇ ಹೆಚ್ಚು, ಆದರೆ ಬಾಡಿಗೆ ಅದನ್ನು ನುಂಗಿಬಿಡುತ್ತದೆ. ಒಂಟಿಯಾಗಿರುವವನು ಸರ್ಕಾರಿ ವಸತಿ ಸಮುಚ್ಚಯದ ಫ್ಲ್ಯಾಟಿನಲ್ಲಿ ಒಂದು ಕೋಣೆ ಹಿಡಿಯುವುದೇ ಜಾಣತನ. ಕಾರಿನ ಆಸೆಯನ್ನು ಬಿಡಲೇಬೇಕು: ಕಾರಿನ ಬೆಲೆಯ ಮೇಲೆ 10 ವರ್ಷದ ಪರವಾನಗಿಯನ್ನೂ ಹರಾಜಿನಲ್ಲಿ ಕೊಳ್ಳಬೇಕು. ಮೆಟ್ರೊ, ಬಸ್ಸುಗಳು ಅಚ್ಚುಕಟ್ಟಾಗಿರುವುದರಿಂದ ಅದರ ಕೊರತೆ ಕಾಡುವುದಿಲ್ಲ.

ಕ್ವಾಲಾಲಂಪುರದಲ್ಲಿ ಆ ಒಂದು ಕೋಣೆಯ ಬಾಡಿಗೆಗೆ ಇಡೀ ಮನೆಯೇ ಸಿಗುತ್ತದೆ. ಹೆಂಡತಿ, ಮಕ್ಕಳೊಂದಿಗೆ ಹೋಗುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ವರ್ಷದ ಕೊನೆಯಲ್ಲಿ ಹೋಗಬೇಡಿ. ಸಾಮಾನ್ಯವಾಗಿ ಆ ವರ್ಷ 182 ದಿನ ಅಲ್ಲಿ ಇರದಿದ್ದರೆ ಸಂಬಳದ ಮೇಲೆ ನೇರ ಶೇ 30 ತೆರಿಗೆ. ದೋಸೆ ಎರಡೂ ಕಡೆ ಸಿಗುತ್ತದೆ, ನಮ್ಮೂರಿನ ಬೆಣ್ಣೆ ದೋಸೆಯಲ್ಲ. ಸೆಕೆ ಎರಡೂ ಕಡೆ ವರ್ಷವಿಡೀ, ಎ.ಸಿ.ಯ ವಿದ್ಯುತ್ ಬಿಲ್ಲಿಗೆ ಮೊದಲೇ ಹಣ ತೆಗೆದಿಡಿ.