ಹಳೆ ಫೋರ್‌ವ್ಹೀಲ್ ಜೀಪಿಗೆ ಹಿಂದಿನ ಕ್ರೌನ್ ಮಾತ್ರ ಬದಲಿಸಿ ಕೊಡುವವರಿದ್ದಾರೆ, ಹುಷಾರು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹಳೆ ಮಹೀಂದ್ರಾ ಜೀಪು ಇಟ್ಟುಕೊಂಡವರು ಇನ್ನೂ ಬಹಳ ಜನ ಇದ್ದೀರಿ. ಹೈವೇ ಮೇಲೆ ಸ್ವಲ್ಪ ಆರಾಮಾಗಿ ಓಡಲಿ ಅಂತ ಕ್ರೌನ್-ಪಿನಿಯನ್ (ಆಕ್ಸಲ್ ಒಳಗೆ ಗಾಲಿ ತಿರುಗಿಸುವ ಗೇರಿನ ಜೋಡಿ; ಕ್ರೌನ್ ದೊಡ್ಡದು, ಪಿನಿಯನ್ ಸಣ್ಣದು) ಬದಲಿಸುವ ಯೋಚನೆ ಇದ್ದರೆ, ಗಾಡಿ ಗ್ಯಾರೇಜಿಗೆ ಬಿಡುವ ಮುಂಚೆ ದಯವಿಟ್ಟು ಇದನ್ನು ಓದಿ.

ನನ್ನದು ಮಹೀಂದ್ರಾ ಎಂಎಂ 540 ಜೀಪು. ಹೊಲ ಇರುವುದು ಅಣ್ಣಿಗೇರಿ ಹತ್ತಿರ. ಎರಿ ಮಣ್ಣು ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಒಂದು ಒಳ್ಳೆ ಮಳೆ ಬಿದ್ದರೆ ಸಾಕು, ಬೈಕ್ ಬಿಡಿ, ಟ್ರ್ಯಾಕ್ಟರ್ ಕೂಡ ತಿಣುಕುತ್ತದೆ. ಅಲ್ಲಿ ಫೋರ್‌ವ್ಹೀಲ್, ಅಂದರೆ ನಾಲ್ಕೂ ಗಾಲಿಗೆ ಎಂಜಿನ್ ಬಲ, ಶೋಕಿಗಲ್ಲ, ಬೇಕೇ ಬೇಕು. ಆದರೆ ಅದೇ ಗಾಡಿ ಬೈಪಾಸ್ ಹತ್ತಿದರೆ 60ಕ್ಕೇ ಎಂಜಿನ್ ಕಿರುಚುತ್ತದೆ. ಕಾರಣ, ನನ್ನ ಗಾಡಿಯ ಆಕ್ಸಲ್ ರೇಶಿಯೋ 5.38, ಅಂದರೆ ಆಕ್ಸಲ್‌ಗೆ ಬರುವ ಶಾಫ್ಟ್ 5.38 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8. ಎಳೆಯುವ ತಾಕತ್ತು ಜಾಸ್ತಿ, ಓಟ ಕಡಿಮೆ. ಇದರ ಬದಲು 47ಕ್ಕೆ 11 ಹಲ್ಲಿನ ಸೆಟ್ ಹಾಕಿದರೆ ರೇಶಿಯೋ 4.27 ಆಗುತ್ತದೆ. ಅದೇ ವೇಗಕ್ಕೆ ಎಂಜಿನ್ ಐದರಲ್ಲಿ ಒಂದು ಪಾಲು ಕಡಿಮೆ ತಿರುಗುತ್ತದೆ. ಜೀಪಿನವರು ಮೊದಲಿನಿಂದಲೂ ಮಾಡಿಸಿಕೊಂಡು ಬಂದಿರುವ ಕೆಲಸ ಇದು. ಕೆಲಸದಲ್ಲಿ ತಪ್ಪಿಲ್ಲ.

ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಹೇಳುವುದಿಲ್ಲ. ಮುಂದಿನದು, ಹಿಂದಿನದು ಎರಡೂ ಆಕ್ಸಲ್‌ನ ಸೆಟ್ ಬದಲಿಸಬೇಕು ಅಂತ ಮೊದಲೇ ಮಾತಾಗಿತ್ತು. ದುಡ್ಡೂ ಎರಡಕ್ಕೂ ಕೊಟ್ಟೆ. ಗಾಡಿ ಬಂತು, ಬೇಸಿಗೆಯೆಲ್ಲ ಚೆನ್ನಾಗಿ ಓಡಿತು. ಟೂವ್ಹೀಲ್‌ನಲ್ಲಿ, ಅಂದರೆ ಹಿಂದಿನ ಗಾಲಿಗೆ ಮಾತ್ರ ಬಲ ಹೋಗುವಾಗ, ಮುಂದಿನ ಆಕ್ಸಲ್‌ಗೂ ಎಂಜಿನ್‌ಗೂ ಸಂಬಂಧವೇ ಇರುವುದಿಲ್ಲ. ಹಾಗಾಗಿ ಒಳಗೆ ಏನಿದೆ ಅಂತ ಗೊತ್ತಾಗುವ ದಾರಿಯೇ ಇಲ್ಲ.

ಮುಂಗಾರು ಶುರುವಾಯಿತು. ಹೊಲದ ದಾರಿಯಲ್ಲಿ ಫೋರ್‌ವ್ಹೀಲ್ ಹಾಕಿದೆ. ಗಾಡಿ ಮುಂದೆ ಹೋಗುತ್ತಿದೆ, ಆದರೆ ಯಾರೋ ಮುಂದಿನಿಂದ ಹಿಡಿದು ತಡೆದ ಹಾಗೆ. ಹಿಂದಿನ ಗಾಲಿ ಸುಮ್ನೆ ಕೆಸರು ಎರಚುತ್ತಿದೆ, ಮುಂದಿನದು ಉರುಳಲು ಒಲ್ಲೆ ಅನ್ನುತ್ತಿದೆ. ಫೋರ್‌ವ್ಹೀಲ್ ಲಿವರ್ ತೆಗೆಯಲು ಹೋದರೆ ಬರಲಿಲ್ಲ. ಸ್ವಲ್ಪ ರಿವರ್ಸ್ ತೆಗೆದುಕೊಂಡಾಗ ಬಿಟ್ಟುಕೊಂಡಿತು. ಗ್ಯಾರೇಜಿಗೆ ಫೋನ್ ಮಾಡಿದರೆ, "ಎರಡೂ ಮಾಡೇವ್ರಿ ಸರ್, ಹೊಸಾ ಸೆಟ್ ಐತಿ, ಸ್ವಲ್ಪ ಬಿಗಿ ಇರತೈತಿ. ಓಡಸ್ರಿ, ಸರಿ ಹೋಗತೈತಿ" ಅಂದರು. ಇನ್ನೊಬ್ಬ ಮೆಕ್ಯಾನಿಕ್ ಕ್ಲಚ್ ಹೋಗಿದೆ ಅಂದರು. ಕ್ಲಚ್ ಪ್ಲೇಟ್ ಬದಲಾಯಿತು, ತೊಂದರೆ ಹಾಗೇ ಉಳಿಯಿತು.

ಆಮೇಲೆ ಒಂದು ಸಂಜೆ ಕೆಸರಿನಿಂದ ಡಾಂಬರು ರಸ್ತೆಗೆ ಹತ್ತುವಾಗ ಲಿವರ್ ಮತ್ತೆ ಸಿಕ್ಕಿಕೊಂಡಿತು. ನಾಲ್ಕೂ ಗಾಲಿ ಗಟ್ಟಿ ನೆಲಕ್ಕೆ ಬಂದವು. ಅಡಿಯಲ್ಲಿ ಟಣ್ ಅಂತ ಸದ್ದು, ಗಾಡಿ ನಿಂತಿತು. ಮುಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಶಾಫ್ಟಿನ ತುದಿಯ ಕೀಲು) ಮುರಿದು ಶಾಫ್ಟ್ ಜೋತಾಡುತ್ತಿತ್ತು. ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದೆ-ಹಿಂದೆ ಹಂಚುವ ಗೇರು ಪೆಟ್ಟಿಗೆ) ಆಯಿಲ್ ಇಳಿಸಿದಾಗ ಟ್ರೇ ತುಂಬ ಮಿಣಮಿಣ ಅನ್ನುವ ಕಬ್ಬಿಣದ ಪುಡಿ. ಅದರ ನಡುವೆ ಉಗುರಿನಷ್ಟು ದೊಡ್ಡ ಎರಡು ಚೂರು, ಗೇರಿನ ಹಲ್ಲಿನ ತುದಿ. ಧಾರವಾಡದ ಒಬ್ಬ ಹಿರಿಯ ಮೇಸ್ತ್ರಿ ಎರಡೂ ಆಕ್ಸಲ್ ಬಿಚ್ಚಿ ನನ್ನ ಮುಂದೆಯೇ ಹಲ್ಲು ಎಣಿಸಿದರು. ಹಿಂದೆ 47-11. ಮುಂದೆ ಹಳೆಯದೇ, 43-8.

ಇದು ಯಾಕೆ ಇಷ್ಟು ಕೆಟ್ಟದ್ದು ಅಂತ ಹೇಳುತ್ತೇನೆ. ಈ ಜೀಪುಗಳಲ್ಲಿ ಮುಂದಿನ, ಹಿಂದಿನ ಶಾಫ್ಟ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ಫೋರ್‌ವ್ಹೀಲ್ ಹಾಕಿದ ಕೂಡಲೇ ಎರಡೂ ಪ್ರೊಪೆಲ್ಲರ್ ಶಾಫ್ಟ್ ಲಾಕ್ ಆಗಿ ಒಂದೇ ವೇಗದಲ್ಲಿ ತಿರುಗುತ್ತವೆ. ಶಾಫ್ಟ್ 100 ಸುತ್ತು ತಿರುಗಿದರೆ 5.38ರ ಗಾಲಿ 18.6 ಸುತ್ತು ಹೋಗುತ್ತದೆ, 4.27ರ ಗಾಲಿ 23.4 ಸುತ್ತು. ಒಂದೇ ಗಾಡಿಯ ಗಾಲಿಗಳು ಬೇರೆ ಬೇರೆ ದೂರ ಹೋಗಲು ಆಗುವುದಿಲ್ಲ ಅಲ್ವಾ? ಕೆಸರಿನಲ್ಲಿ ಗಾಲಿ ಜಾರಿ ಹೇಗೋ ಹೊಂದಿಕೊಳ್ಳುತ್ತದೆ. ಡಾಂಬರಿನ ಮೇಲೆ ಜಾರಲು ಜಾಗವಿಲ್ಲ, ಒತ್ತಡವೆಲ್ಲ ಕ್ರಾಸ್, ಗೇರು, ಆಕ್ಸಲ್ ಮೇಲೆ ಬೀಳುತ್ತದೆ. ಯಾವುದು ಬಡವಾಗಿದೆಯೋ ಅದು ಮುರಿಯುತ್ತದೆ. ಎರಡೂ ಕಡೆ ಒಂದೇ ರೇಶಿಯೋ ಇದ್ದರೂ ಒಣ ರಸ್ತೆಯಲ್ಲಿ ಫೋರ್‌ವ್ಹೀಲ್ ಹಾಕಬಾರದು ಅನ್ನುವುದು ಇದೇ ಕಾರಣಕ್ಕೆ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗಬೇಕಾಗುತ್ತದೆ. ಮುಂದೊಂದು ಸೈಜು ಹಿಂದೊಂದು ಸೈಜು ಟೈರ್ ಹಾಕುವುದೂ ಇದೇ ಜಾತಿಯ ತೊಂದರೆ ತರುತ್ತದೆ.

ಗ್ಯಾರೇಜಿನವರಿಗೆ ತೋರಿಸಿದಾಗ ಬಂದ ಉತ್ತರ: "ಮುಂದಿನ ಸೆಟ್ ಸಿಗಲಿಲ್ರಿ. ನೀವು ಫೋರ್‌ವ್ಹೀಲ್ ಹಾಕೂದು ಯಾವಾಗರ ಒಮ್ಮೆ. ಹಿಂದಿಂದ ಮುಖ್ಯ ಅಲ್ರೀ ಅಂತ ಬಿಟ್ವಿ." ಕೂಲಿಯಲ್ಲಿ ಸ್ವಲ್ಪ ವಾಪಸ್ ಕೊಟ್ಟರು. ಕ್ಲಚ್, ಕ್ರಾಸ್, ಟ್ರಾನ್ಸ್‌ಫರ್ ಕೇಸ್ ಗೇರು, ಎಲ್ಲ ನನ್ನ ತಲೆಗೇ ಬಂತು. ಸೆಟ್ ಸಿಗಲಿಲ್ಲ ಅಂತ ಆಗಲೇ ಒಂದು ಮಾತು ಹೇಳಿದ್ದರೆ ಸಿಗುವವರೆಗೆ ಕಾಯುತ್ತಿದ್ದೆ. ನನಗೆ ಹೊಟ್ಟೆ ಉರಿಯುವುದು ದುಡ್ಡಿಗಿಂತ ಇದಕ್ಕೇ.

ಬಿಚ್ಚದೆ ಪರೀಕ್ಷೆ ಮಾಡುವ ದಾರಿ ಇದೆ. ಸಮ ನೆಲದಲ್ಲಿ ನಿಲ್ಲಿಸಿ. ಟೂವ್ಹೀಲ್‌ನಲ್ಲಿಡಿ, ಗೇರು ನ್ಯೂಟ್ರಲ್. ಮುಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನ ಎರಡೂ ಗಾಲಿ ಎತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಗಾಡಿ ಅಡಿಗೆ ಹೋಗಬೇಡಿ. ಶಾಫ್ಟ್ ಮೇಲೆ, ಟೈರ್ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಇಬ್ಬರು ಸೇರಿ ಎರಡೂ ಗಾಲಿಯನ್ನು ಒಟ್ಟಿಗೆ ಒಂದು ಪೂರ್ತಿ ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. ನಾಲ್ಕೂಕಾಲು ಬಂದರೆ 4.27. ಐದು ದಾಟಿ ಇನ್ನೂ ಮೂರನೇ ಒಂದು ಸುತ್ತಿಗಿಂತ ಚೂರು ಜಾಸ್ತಿ ಹೋದರೆ 5.38. ಮುಂದೆಯೂ ಹೀಗೇ ನೋಡಿ, ಲಾಕಿಂಗ್ ಹಬ್ (ಮುಂದಿನ ಗಾಲಿಯನ್ನು ಆಕ್ಸಲ್‌ಗೆ ಜೋಡಿಸುವ, ಬಿಡಿಸುವ ಸಾಧನ) ಇದ್ದರೆ ಲಾಕ್ ಮಾಡಿಕೊಳ್ಳಿ. ಎರಡೂ ಲೆಕ್ಕ ಒಂದೇ ಬರಬೇಕು.

ಕ್ರೌನ್ ಮತ್ತು ಪಿನಿಯನ್ ಯಾವಾಗಲೂ ಜೋಡಿಯಾಗಿಯೇ ತೆಗೆದುಕೊಳ್ಳಿ. ಗುಜರಿಯಿಂದ ಒಂದೊಂದು ತಂದು ಜೋಡಿಸಿದರೆ ಗುಂಯ್ ಅನ್ನುವ ಸದ್ದು ಬಿಡುವುದಿಲ್ಲ. ಮುಂದಿನ-ಹಿಂದಿನ ಹಲ್ಲಿನ ಲೆಕ್ಕ ಬಿಲ್ ಮೇಲೆ ಬರೆಸಿ, ಹಳೆ ಎರಡೂ ಸೆಟ್ ವಾಪಸ್ ಕೇಳಿ. ಒಂದೇ ಸೆಟ್ ಕೈಗೆ ಬಂದರೆ ಅಲ್ಲೇ ವಿಷಯ ಗೊತ್ತಾಗುತ್ತದೆ. ಇನ್ನೊಂದು: ಮೀಟರ್ ಕೇಬಲ್ ಬರುವುದು ಟ್ರಾನ್ಸ್‌ಫರ್ ಕೇಸ್‌ನಿಂದ. ರೇಶಿಯೋ ಹೀಗೆ ಬದಲಾದ ಮೇಲೆ ಮೀಟರ್ 60 ತೋರಿಸುವಾಗ ಗಾಡಿ ನಿಜವಾಗಿ 75ರಲ್ಲಿ ಇರುತ್ತದೆ. ಹಳೆ ಡ್ರಮ್ ಬ್ರೇಕಿನ ಗಾಡಿಗೆ ಇದು ಸಣ್ಣ ವಿಷಯವಲ್ಲ, ಫೋನಿನ ಜಿಪಿಎಸ್ ಜೊತೆ ಹೋಲಿಸಿ ನೋಡಿಕೊಳ್ಳಿ.

ಕ್ರೌನ್ ಬದಲಿಸಿದ ಗಾಡಿ ಈಗಾಗಲೇ ನಿಮ್ಮ ಹತ್ತಿರ ಇದ್ದರೆ, ಅಥವಾ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುತ್ತಿದ್ದರೆ, ಮಳೆ ಶುರುವಾಗುವ ಮುಂಚೆ ಎರಡೂ ಆಕ್ಸಲ್ ಎಣಿಸಿ. ಅಲ್ಲಿವರೆಗೆ ಫೋರ್‌ವ್ಹೀಲ್ ಲಿವರ್ ಮುಟ್ಟಬೇಡಿ.