ನಾಲ್ಕು ವರ್ಷದ ಮನೆ ವಿಮೆ, ನಾಲ್ಕು ದಿನದ ರಾಡಿ

2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ನಮ್ಮ ಓಣಿಗೆ ನುಗ್ಗಿದಾಗ ನಾನು ಧೈರ್ಯವಾಗಿಯೇ ಇದ್ದೆ. ಮನೆ ಸಾಲ ಕೊಡುವಾಗ ಬ್ಯಾಂಕಿನವರು ವಿಮೆ ಮಾಡಿಸಿದ್ದರಲ್ಲ! ನೀರು ಇಳಿದ ಮೇಲೆ ಕಾಗದ ತೆಗೆದು ನೋಡಿದರೆ ಅದು ನನ್ನ ಜೀವದ ಮೇಲಿನ ವಿಮೆ. ನಾನು ಸತ್ತರೆ ಸಾಲ ತೀರುತ್ತದೆ, ಗೋಡೆ ಬಿದ್ದರೆ ಏನೂ ಇಲ್ಲ. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಎಂದಿತು. ನಮ್ಮದು ಬೀಳಲಿಲ್ಲ. ತುರ್ತು ಪರಿಹಾರ ಅಂತ 10,000 ಬಂತು, ವೈರಿಂಗಿಗೇ ಸಾಲಲಿಲ್ಲ.

ಹಾಗಾಗಿ 2021ರಲ್ಲಿ ಭಾರತ್ ಗೃಹ ರಕ್ಷಾ ಅನ್ನುವ ಮನೆ ವಿಮೆ ಬಂದ ಕೂಡಲೇ ತಗೊಂಡೆ. ನೆರೆಗೆ ಅಂತ ಬೇರೆ ಪಾಲಿಸಿ ಹುಡುಕಬೇಡಿ. ಬೆಂಕಿ, ಸಿಡಿಲು, ಭೂಕಂಪದ ಜೊತೆ ಅದೂ ಇದರಲ್ಲೇ ಇದೆ. ಜಾಗದ ಬೆಲೆ ಲೆಕ್ಕಕ್ಕಿಲ್ಲ, ಮನೆ ಮತ್ತೆ ಕಟ್ಟುವ ಖರ್ಚಷ್ಟೇ. ನಾನು ಬರೆಸಿದ್ದು 20 ಲಕ್ಷ. ಅದರ ಶೇ. 20, ಅಂದರೆ 4 ಲಕ್ಷದವರೆಗಿನ ಸಾಮಾನು ತಾನಾಗಿಯೇ ಸೇರುತ್ತದೆ. ವರ್ಷಕ್ಕೆ ನಾನು ಕಟ್ಟುವುದು ಎರಡು ಸಾವಿರದೊಳಗೆ.

ಪ್ರತಿ ವರ್ಷ ಕಾರಹುಣ್ಣಿಮೆ ಹೊತ್ತಿಗೆ ಮನೆಯ ಎಲ್ಲ ಸಾಮಾನಿನ ಫೋಟೊ ತೆಗೆಯುತ್ತೇನೆ. ಫ್ರಿಡ್ಜು, ತಿಜೋರಿ, ಹಿಟ್ಟಿನ ಗಿರಣಿ, ಹಿಂದಿನ ಬಾಗಿಲು. ಫೋಟೊ ಅಂದರೆ ಸಾಕು, ಅವ್ವ ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊತ್ತು ಪ್ರತಿಯೊಂದರ ಪಕ್ಕ ನಿಲ್ಲುತ್ತಾಳೆ. ಬೇಡ ಅಂದರೆ ಕೇಳುವುದಿಲ್ಲ.

2024ರ ಜುಲೈನಲ್ಲಿ ಮತ್ತೆ ನೀರು ಬಂತು. ಒಳಗೆ ಎರಡು ಅಡಿ. ಇಳಿದ ದಿನವೇ ಕಂಪನಿಗೆ ಫೋನ್ ಮಾಡಿದೆ. "ಸರ್ವೇಯರ್ ಬರುವ ತನಕ ಏನೂ ಮುಟ್ಟಬೇಡಿ ಸರ್" ಅಂದರು. ನಷ್ಟ ಎಷ್ಟು ಅಂತ ನೋಡಿ ಲೆಕ್ಕ ಹಾಕುವ ಆ ಸರ್ವೇಯರ್ ಬಂದಿದ್ದು ಐದನೇ ದಿನ! ಅಲ್ಲಿಯವರೆಗೆ ಪಾದ ಮುಳುಗುವಷ್ಟು ರಾಡಿ. ನೆನೆದ ಜೋಳದ ಚೀಲ ಮೊದಲು ಹುಳಿ ವಾಸನೆ ಹೊಡೆಯಿತು, ಆಮೇಲೆ ಮೊಳಕೆಯೂ ಬಂತು. ಅಕ್ಕಪಕ್ಕದವರೆಲ್ಲ ಮನೆ ತೊಳೆದು ಒಲೆ ಹಚ್ಚಿದ್ದರು. ನಾವು ಮಾಳಿಗೆ ಮೇಲೆ. "ರೀ, ಈ ರಾಡಿಗೆ ಎಷ್ಟ್ ರೊಕ್ಕ ಕೊಡ್ತಾರಂತ ಕಾಯಾಕತ್ತೀರಿ?" ಅಂತ ಹೆಂಡತಿ ದಿನಕ್ಕೆರಡು ಸಲ ಕೇಳುತ್ತಿದ್ದಳು.

ಬಂದ ಸರ್ವೇಯರ್ ಏನಂದರು ಗೊತ್ತಾ? ವಿಡಿಯೊ ಮಾಡಿಟ್ಟು, ಕೆಟ್ಟ ಸಾಮಾನು ಒಂದು ಕಡೆ ಗುಡ್ಡೆ ಹಾಕಿ ಮನೆ ತೊಳೆದಿದ್ದರೂ ನಡೀತಿತ್ತಂತೆ. ಆ ಮಾತು ಫೋನಿನಲ್ಲಿ ಒಬ್ಬರಾದರೂ ಹೇಳಬಾರದಿತ್ತಾ?

ಆದರೆ ಆ ಮನುಷ್ಯನ ಮೇಲೆ ಸಿಟ್ಟಾಗಲು ಆಗಲಿಲ್ಲ. ಗಿರಣಿಯ ಬಿಲ್ ಎಲ್ಲಿ ಅಂದರು, ಇರಲಿಲ್ಲ. ಫೋಟೊ ತೋರಿಸಿದೆ. ಒಂದೊಂದೇ ನೋಡುತ್ತಾ, "ಈ ಅಜ್ಜಿನೂ ಪಾಲಿಸಿಯಲ್ಲಿ ಅದಾರೇನ್ರೀ?" ಅಂದರು. ನಾಲ್ಕು ದಿನದಲ್ಲಿ ಹೆಂಡತಿ ನಕ್ಕಿದ್ದು ಆಗಲೇ. ಕೇಳಿದ್ದು 1,40,000, ಎರಡು ತಿಂಗಳಿಗೆ ಬಂದಿದ್ದು 1,12,000. ಗಾರೆ, ವೈರಿಂಗ್, ಎರಡು ಬಾಗಿಲು ಅದರಲ್ಲೇ ಆಯಿತು.

ನಿಮ್ಮದು ಎತ್ತರದ ಜಾಗ ಆದರೆ ನಾನು ಒತ್ತಾಯ ಮಾಡುವುದಿಲ್ಲ. ನದಿ ಕಡೆಯ ಓಣಿಯಲ್ಲಿದ್ದರೆ ತಗೊಳ್ಳಿ, ಅದೂ ಮಳೆಗಾಲಕ್ಕೆ ಮೊದಲೇ. ಒಂದೇ ಸಲ ಹತ್ತು ವರ್ಷಕ್ಕೂ ಮಾಡಿಸಬಹುದು. ನಾನು ಈ ಸಲ ಒಂದೇ ವರ್ಷಕ್ಕೆ ಕಟ್ಟಿದ್ದೇನೆ. ಹೆಂಡತಿಗೆ ಆ ಮೊಳಕೆ ಜೋಳ ಇನ್ನೂ ಮರೆತಿಲ್ಲ.